ಹೊಡೆದವನ ನೆನಪು

ಹಾನಗಲ್ಲಿನ ನಮ್ಮ ಮಹಿಳಾ ನೆರವು ಕೇಂದ್ರದಲ್ಲಿ ಚಹಾಕ್ಕೆಂದು ಇಟ್ಟ ಹಾಲು ಅಂದು ತಳ ಹಿಡಿದು ಸೀದುಹೋಯಿತು. ಒಲೆ ಇರುವುದು ಮಾತುಕತೆಯ ಕೋಣೆಯ ಮೂಲೆಯಲ್ಲೇ. ಹೊರಗೆ ಜಗಲಿಯ ಮೇಲೆ ಫೋನಿನಲ್ಲಿ ಮಾತಾಡುತ್ತಿದ್ದ ನಾನು ಕಮಟು ವಾಸನೆಗೆ ಎದ್ದು ಒಳಗೆ ಓಡಿದೆ. ಒಲೆಯಿಂದ ಒಂದು ಮಾರು ದೂರದಲ್ಲಿ, ಅದಕ್ಕೆ ಬೆನ್ನು ಮಾಡಿ, ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಒಬ್ಬಳು ಕೂತಿದ್ದಳು. ಒಲೆ ಆರಿಸಿ ಕಿಟಕಿ ತೆರೆದೆ. ಬೆಳಕು ಬಿದ್ದೊಡನೆ ಆಕೆ ಮುಖ ಕಿವುಚಿದಳು.

"ಯಾಕ್ರಿ, ಏನಾತು?"

"ಹಾಲು ಸೀದಾವು. ವಾಸನಿ ಬರಲಿಲ್ಲೇನವಾ?"

"ಇಲ್ರಿ."

ಬಾಗಿಲಲ್ಲಿ ನಿಂತಿದ್ದ ಆಕೆಯ ಅಕ್ಕ ಹಣೆ ಬಡಿದುಕೊಂಡಳು. "ಹಿಂಗ ನೋಡ್ರಿ ಅಕ್ಕಾರ. ಗಂಡನ ಮನ್ಯಾಗೂ ಇದ ಹಾಡು. ಪಲ್ಯಾ ಹೊತ್ತಿಸ್ತಾಳ, ಅಂವ ಹೊಡೀತಾನ. ಹೊಡದ ಮ್ಯಾಲೆ ಮತ್ತಷ್ಟು ಹೊತ್ತಿಸ್ತಾಳ."

ಅಕ್ಕ ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಅದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿರುವುಮುರುವಾಗಿರಬಹುದು ಎಂದು ನನಗೆ ಹೊಳೆದದ್ದು ಆಗಲೇ.

ಅಕ್ಕ ಹಾನಗಲ್ಲಿನಲ್ಲಿ ಜಂಪರ್ ಹೊಲಿಯುವವಳು. ತಂಗಿಯನ್ನು ಕೊಟ್ಟದ್ದು ಹಿರೇಕೆರೂರು ತಾಲ್ಲೂಕಿನಲ್ಲಿ, ಹಂಸಭಾವಿಗೆ ಹತ್ತಿರದ ಒಂದು ಹಳ್ಳಿಗೆ. ಗಂಡನಿಗೆ ಮೆಕ್ಕೆಜೋಳ ಒಕ್ಕುವ ಯಂತ್ರವಿತ್ತು. ಸುಗ್ಗಿಯಲ್ಲಿ ಊರೂರು ತಿರುಗುವವನು, ಎಲ್ಲ ಕಡೆ ಮಾತಿನಲ್ಲಿ ಸಭ್ಯ ಎಂದು ಹೆಸರು. ಆರು ವರ್ಷದ ಮಗಳನ್ನು ಅವನು ತನ್ನಲ್ಲೇ ಇಟ್ಟುಕೊಂಡು ಹೆಂಡತಿಯನ್ನು ಹೊರಗೆ ಹಾಕಿದ್ದ. ಒಲೆ ಮುಂದೆ ಮೈಮರೆಯುವ ಹುಚ್ಚಿಯ ಕೈಗೆ ಕೂಸನ್ನು ಕೊಡುವುದು ಹೇಗೆ ಎಂಬುದು ಅವನ ವಾದ. ಆಕೆ ನಮ್ಮಲ್ಲಿಗೆ ಬಂದದ್ದು ಒಂದೇ ಬೇಡಿಕೆ ಹೊತ್ತು: ಮಗಳು ಬೇಕು.

ಠಾಣೆಯಲ್ಲಿ ಆಕೆಯ ಹೇಳಿಕೆ ಬರೆದುಕೊಳ್ಳಲು ಕೂತವರು ನಡುವೆಯೇ ಪೆನ್ನು ಕೆಳಗಿಟ್ಟಿದ್ದರಂತೆ. ಮೊದಲು ದಸರೆಗೆ ಹೊಡೆದ ಎಂದಳು, ಆಮೇಲೆ ಶೀಗೆ ಹುಣ್ಣಿಮೆ ಎಂದಳು, ಕೊನೆಗೆ ಎರಡೂ ಅಲ್ಲ ಎಂದಳು. ನಾನು ಈ ಕೆಲಸಕ್ಕೆ ಬಂದದ್ದು ಪತ್ರಿಕೆಯಿಂದ. ಯಾರು, ಏನು, ಎಲ್ಲಿ, ಯಾವಾಗ ಎಂದು ಕೇಳುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಠಾಣೆ ಕೇಳುವುದೂ ಅದನ್ನೇ, ಕೋರ್ಟು ಕೇಳುವುದೂ ಅದನ್ನೇ. ತಲೆಗೆ ಬಿದ್ದ ಪೆಟ್ಟು ಈ ನಾಲ್ಕರಲ್ಲಿ ಮೊದಲು ಒಯ್ಯುವುದು 'ಯಾವಾಗ' ಎಂಬುದನ್ನು. ಅದು ಹೋದ ಮೇಲೆ ಉಳಿದ ಮೂರನ್ನು ಯಾರೂ ನಂಬುವುದಿಲ್ಲ.

ಹಾಲು ಸೀದ ಮೇಲೆ ನಾವು ಕೇಳುವ ರೀತಿಯನ್ನು ಬದಲಿಸಿದೆವು. ಕಿಟಕಿಯನ್ನು ಅರ್ಧ ಮುಚ್ಚಿದೆವು. ಫ್ಯಾನಿನ ಸದ್ದಿಗೆ ಆಕೆಯ ತಲೆ ಸಿಡಿಯುತ್ತಿತ್ತು, ಅದನ್ನು ನಿಲ್ಲಿಸಿದೆವು. ಒಮ್ಮೆಗೆ ಒಂದೇ ಪ್ರಶ್ನೆ. ಆಕೆ ಹುಬ್ಬಿನ ನಡುವೆ ಬೆರಳು ಒತ್ತಿಕೊಂಡಳೆಂದರೆ ಆ ದಿನಕ್ಕೆ ಮಾತು ಮುಗಿಯಿತು. ಹೊಡೆದನೇ ಎಂದಷ್ಟೇ ಕೇಳುವ ಬದಲು ಎಲ್ಲಿ ಹೊಡೆದ, ಕುತ್ತಿಗೆ ಹಿಚುಕಿದ್ದನೇ, ಕಣ್ಣಿಗೆ ಕತ್ತಲೆ ಬಂತೇ, ಎದ್ದ ಮೇಲೆ ವಾಂತಿಯಾಯಿತೇ ಎಂದು ಕೇಳತೊಡಗಿದೆವು.

"ತಲೀಗೆ ಅಷ್ಟರಿ. ಬ್ಯಾರೆ ಕಡೆ ಎಲ್ಲೂ ಹೊಡೀತಿರಲಿಲ್ಲ," ಎಂದಳು, ಅವನ ಒಳ್ಳೆಯತನ ಹೇಳುವ ದನಿಯಲ್ಲಿ. "ತುರುಬು ಹಿಡದು ಗ್ವಾಡಿಗೆ."

"ಎಚ್ಚರ ತಪ್ಪತಿತ್ತೇನು?"

"ತಪ್ಪತಿತ್ರಿ. ಎಚ್ಚರಾದಾಗ ಅತ್ತಿ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡದಿರ್ತಿದ್ಲು. ಮೊದಮೊದಲು ಭಾಳ ವಾಸನಿ ಬರ್ತಿತ್ತು. ಆಮ್ಯಾಲೆ ಕಣ್ಣೀರಷ್ಟ ಬರ್ತಿದ್ವು, ವಾಸನಿ ಇಲ್ಲ."

ಜಿಲ್ಲಾ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದೆವು. ಏನೂ ಇಲ್ಲ ಎಂದು ಬಂತು. ಆ ಎರಡು ಪದಗಳು ನಮಗಿಂತ ಮೊದಲು ಅವನ ಊರು ಮುಟ್ಟಿದವು.

ಈ ಕಡೆಯ ಹಳ್ಳಿಗಳಲ್ಲಿ ಗಂಡ ಹೆಂಡಿರ ವ್ಯಾಜ್ಯ ಕೋರ್ಟಿಗೆ ಹೋಗುವ ಮೊದಲು ಹಿರಿಯರ ಮುಂದೆ ಕೂಡುತ್ತದೆ. ಅವನ ಊರಿನಲ್ಲಿ ಅದಕ್ಕೊಂದು ರೀತಿಯಿದೆ. ಸಭೆ ಕರೆದವರು ಮೊದಲು ಮಾತಾಡಬೇಕು. ಅವರು ಮುಗಿಸುವತನಕ ಮತ್ತೊಬ್ಬರು ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ ಹಿರಿಯರು ಆ ಮಾತನ್ನು ಎಲ್ಲರಿಗೂ ಕೇಳುವಂತೆ ತಿರುಗಿ ಹೇಳಿ, ಇದು ನಿನ್ನ ಮಾತೇನು ಎಂದು ಕೇಳುತ್ತಾರೆ. ಹೌದೆಂದವರು ತಟ್ಟೆಯಿಂದ ಎಲೆ ಅಡಿಕೆ ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡ ಮೇಲೆ ಮಾತು ತಿರುಗಿಸುವಂತಿಲ್ಲ.

ಅಕ್ಕನ ಒತ್ತಾಯಕ್ಕೆ ಮೊದಲ ಸಭೆಯನ್ನು ನಾವು ಕರೆದೆವು. ಗುಡಿಯ ಪೌಳಿಯಲ್ಲಿ ಊರೇ ನೆರೆದಿತ್ತು. ಕರೆದವರು ನಾವಾದ್ದರಿಂದ ಆಕೆ ಮೊದಲು ಮಾತಾಡಬೇಕಾಯಿತು. ಬಿಸಿಲು, ಗದ್ದಲ, ಎದುರಿಗೆ ಗಂಡ. ದಸರೆ ಎಂದಳು, ಹೋಳಿ ಎಂದಳು, ಮಗಳ ಹೆಸರು ಹೇಳಲು ಹೋಗಿ ತನ್ನ ಅಕ್ಕನ ಹೆಸರು ಹೇಳಿದಳು. ಹಿಂದಿನಿಂದ ಯಾರೋ "ಪಂಚಾಂಗ ಕೊಡ್ರೋ ಆಕಿಗೆ" ಎಂದದ್ದಕ್ಕೆ ಪೌಳಿ ತುಂಬ ನಗು.

ಗಂಡ ಕೈಮುಗಿದು ಎದ್ದ. "ಗೌಡ್ರ, ನಾ ಏನೂ ಹೇಳೂದಿಲ್ಲ. ನೀವ ಕೇಳಿದ್ರೆಲ್ಲಾ. ಡಾಕ್ಟರರೂ ತಲ್ಯಾಗ ಏನೂ ಇಲ್ಲ ಅಂದಾರಂತ."

ಮತ್ತೆ ನಗು. ನಾವು ಎದ್ದು ಬಂದೆವು.

ಕೆಲವು ದಿನಗಳ ಮೇಲೆ, ಅಕ್ಕ ಹೊಲಿಗೆಯ ಬಟ್ಟೆ ಕೊಡಲು ಹೋಗಿದ್ದಾಗ, ವ್ಯಾಜ್ಯ ಕೋರ್ಟಿಗೆ ಹೋಗಬಾರದೆಂದೋ ಏನೋ, ಅವನು ಹೊಸ ಬಳೆ ಮತ್ತು ಸವಣೂರು ಎಲೆಯ ಕಟ್ಟು ಹಿಡಿದು ಅಕ್ಕನ ಮನೆಗೆ, ತಂಗಿಯನ್ನು ಕರೆಯಲು ಬಂದ. ತಾನು ಆ ಮನೆ ಬಿಟ್ಟದ್ದು ಯಾಕೆಂದು ಆಕೆಗೆ ಆ ಗಳಿಗೆಯಲ್ಲಿ ನೆನಪಿರಲಿಲ್ಲ. ಬಳೆ ತೊಟ್ಟು ಹೋದಳು. ಪೊಲೀಸರಿಗೆ ಹೇಳಿ ನೋಡಿದೆವು. ಹೆಂಡತಿ ತಾನಾಗಿ ಬಂದಿದ್ದಾಳೆ ಎಂಬುದು ಅವನ ಉತ್ತರ, ಅದಕ್ಕೆ ಆಕೆಯದೂ ಹೌದು. ಮುಂದಿನ ವಾರ ನೆರೆಮನೆಯ ಹೆಂಗಸು ಆಕೆಯನ್ನು ಹಾನಗಲ್ ಬಸ್ಸಿಗೆ ಹತ್ತಿಸಿ ಅಕ್ಕನಿಗೆ ಫೋನ್ ಮಾಡಿದಳು. ಬಸ್ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಆಕೆ ಬಸ್ಸಿನ ಕಂಬಿ ಹಿಡಿದು ಇಳಿದು, ಅಲ್ಲೇ ವಾಂತಿ ಮಾಡಿದಳು. ಎಡಗಡೆಗೆ ವಾಲಿ ವಾಲಿ ನಡೆಯುತ್ತಿದ್ದಳು. ಬಳೆಗಳು ಒಂದೂ ಒಡೆದಿರಲಿಲ್ಲ.

ಆ ದಿನವೇ ಹುಬ್ಬಳ್ಳಿಗೆ ಕರೆದೊಯ್ದೆವು. ನರರೋಗದ ವೈದ್ಯರು ಕಣ್ಣು ಮುಚ್ಚಿಸಿ ಕಾಫಿಪುಡಿ, ಲವಂಗ, ಸೋಪು ಮೂಗಿಗೆ ಹಿಡಿದರು. ಮೂರಕ್ಕೂ ಆಕೆ ಇಲ್ಲ ಎಂದಳು. ಕೆಲವು ಶಬ್ದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಶಬ್ದ ಹೇಳಿದ್ದೇ ಆಕೆಗೆ ನೆನಪಿರಲಿಲ್ಲ. ಆಮೇಲೆ ಎಂಆರ್‌ಐ. ಮೊದಲ ಸ್ಕ್ಯಾನಿಗೆ ಕಾಣದ ಸಣ್ಣ ಸಣ್ಣ ರಕ್ತದ ಕಲೆಗಳು ಹಣೆಯ ಹಿಂದೆ ಚುಕ್ಕಿಚುಕ್ಕಿಯಾಗಿ ಕಂಡವು.

"ಇದು ಒಂದೇ ಪೆಟ್ಟಿನ ಕೆಲಸ ಅಲ್ಲ," ಎಂದರು ವೈದ್ಯರು. "ಹಳೇ ಗಾಯದ ಮೇಲೆ ಹೊಸ ಗಾಯ. ವಾಸನೆಯ ನರಗಳು ಬಹಳ ತೆಳು. ತಲೆ ಗೋಡೆಗೆ ಬಡಿದಾಗ ಒಳಗೆ ಮೆದುಳು ಜಾರುತ್ತದೆ, ಆ ನರಗಳು ಕಿತ್ತು ಹೋಗುತ್ತವೆ. ಇಷ್ಟು ದಿನ ಆದಮೇಲೆ ವಾಸನೆ ತಿರುಗಿ ಬರೋದು ಕಷ್ಟ. ಅಡುಗೆ ಸೀದರೆ ಇವರಿಗೆ ಗೊತ್ತಾಗೋದಾದರೂ ಹೇಗೆ?"

"ಯಾವಾಗ ಆಗಿರಬಹುದು?" ಎಂದು ಕೇಳಿದೆ.

"ಅದನ್ನು ಈ ಚಿತ್ರ ಹೇಳೋದಿಲ್ಲ. ಯಾರು ಮಾಡಿದ್ದು ಅಂತಲೂ ಹೇಳೋದಿಲ್ಲ."

ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕ ಅಳಲಿಲ್ಲ. ತಂಗಿಯ ಕೈಯಿಂದ ಆ ಬಳೆಗಳನ್ನು ಒಂದೊಂದಾಗಿ ಬಿಚ್ಚಿ, ಶಿಗ್ಗಾಂವಿ ದಾಟುವಾಗ ಕಿಟಕಿಯಿಂದ ಹೊರಗೆ ಎಸೆದಳು.

"ಸಿಟ್ಟ ಆಕಿ ತಲ್ಯಾಗ ನಿಲ್ಲವಲ್ದು ಅಕ್ಕಾರ," ಎಂದಳು. "ಇಬ್ಬರ ಸಿಟ್ಟ ನಾ ಒಬ್ಬಾಕಿ ಎಷ್ಟಂತ ಹೊರಲಿ? ನಾಳೆ ಅಂವ ಮತ್ತ ಬಂದ್ರ ಈಕಿ ಮತ್ತ ಹೊಂಟು ನಿಲ್ತಾಳ."

ನೆನಪು ಕೆಟ್ಟವರಿಗೆ ಔಷಧಿ ತಗೊಳ್ಳುವುದನ್ನು ನೆನಪಿಸಲು ಅವರದೇ ದನಿಯನ್ನು ಮೊಬೈಲಿನಲ್ಲಿ ಹಿಡಿದಿಡುವುದು ವೈದ್ಯರು ಹೇಳಿಕೊಟ್ಟ ದಾರಿ. ಬೇರೆಯವರು ಹೇಳಿದರೆ ಜಗಳವಾಗುತ್ತದೆ, ತನ್ನ ದನಿಯನ್ನು ಮನುಷ್ಯ ನಂಬುತ್ತಾನೆ. ನಾವು ಅದನ್ನು ಸಿಟ್ಟಿಗೂ ಬಳಸಿದೆವು. ತಲೆನೋವು ಇಲ್ಲದ ಒಂದು ಬೆಳಗ್ಗೆ ಆಕೆ ತಾನೇ ಕೂತು ಮಾತಾಡಿದಳು. ಒಂದು ಶಬ್ದವನ್ನೂ ನಾನು ಹೇಳಿಕೊಡಲಿಲ್ಲ.

"ಇದು ನಾನ. ಅಂವ ಬಳಿ ತರ್ತಾನ, ಎಲಿ ತರ್ತಾನ, ಚಲೋ ಮಾತಾಡ್ತಾನ. ಹೋಗಬ್ಯಾಡ. ಅಂವ ನಿನ್ನ ತಲೀ ಕೆಡಿಸ್ಯಾನ. ಮಗಳು ಕೈಗೆ ಬರೂತನಾ ಸಿಟ್ಟ ಬಿಡಬ್ಯಾಡ."

ದಿನಾ ಬೆಳಗ್ಗೆ ಎದ್ದೊಡನೆ ಅಕ್ಕ ಅದನ್ನು ಕೇಳಿಸುತ್ತಿದ್ದಳು. ಆಕೆ ಮೊದಲ ಸಲ ಕೇಳುವವಳ ಹಾಗೆ ಕೇಳಿ, ತಲೆ ಮುಟ್ಟಿ ನೋಡಿಕೊಂಡು, "ಹೌದ?" ಎನ್ನುತ್ತಿದ್ದಳು. ಅವನು ಮತ್ತೊಮ್ಮೆ ಬಂದಾಗ ಆಕೆ ಬಾಗಿಲ ಚಿಲಕ ಹಾಕಿ ಒಳಗಿನಿಂದ, "ನನ್ನ ಫೋನಿನ್ಯಾಗ ಬ್ಯಾಡ ಅಂದೈತಿ, ಹೋಗು" ಎಂದಳಂತೆ.

ಕೋರ್ಟಿಗೆ ಅರ್ಜಿ ಸಿದ್ಧಪಡಿಸುತ್ತಿದ್ದ ವಕೀಲೆ ನೇರವಾಗಿಯೇ ಹೇಳಿದರು. ಗಾಯಕ್ಕೆ ಕಾಗದವಿದೆ. ಅದನ್ನು ಮಾಡಿದ್ದು ಅವನ ಕೈ ಎನ್ನುವುದಕ್ಕೆ ಇಲ್ಲ. ಬಚ್ಚಲಲ್ಲಿ ಜಾರಿ ಬಿದ್ದಳು ಎನ್ನುತ್ತಾನೆ. ಆಕೆಯನ್ನು ಕಟಕಟೆಗೆ ಹತ್ತಿಸಿದರೆ ಪೌಳಿಯಲ್ಲಿ ಆದದ್ದೇ ಅಲ್ಲಿಯೂ ಆಗುತ್ತದೆ. ಅದಾದರೆ ಹುಡುಗಿ ಅಲ್ಲೇ ಉಳಿಯುತ್ತಾಳೆ.

ಆ ಸಂಜೆ ನಾನು ಮೊದಲ ಸಭೆಯನ್ನು ಮನಸ್ಸಿನಲ್ಲಿ ಮತ್ತೆ ನೋಡಿದೆ. ಪೌಳಿಯಲ್ಲಿ ಕೂತಿದ್ದವರಲ್ಲಿ ಎಲ್ಲವನ್ನೂ ನೋಡಿದ್ದು ಮೂವರು. ಆಕೆಯ ನೆನಪು ಹಾಳಾಗಿದೆ. ಗಂಡನ ನೆನಪು, ಅತ್ತೆಯ ನೆನಪು ಗಟ್ಟಿ ಇವೆ. ಯಾವಾಗ ಎಂಬ ಪ್ರಶ್ನೆಯನ್ನು ನಾವೆಲ್ಲರೂ ತಪ್ಪು ಮನುಷ್ಯರನ್ನು ಕೇಳುತ್ತಿದ್ದೆವು. ಅದನ್ನು ಕೇಳಬೇಕಾದದ್ದು ಹೊಡೆದವನನ್ನು. ಅವನು ಮಾತಾಡಬೇಕಾದರೆ ಸಭೆಯನ್ನು ಅವನೇ ಕರೆಯಬೇಕು.

ನ್ಯಾಯಕ್ಕಾಗಿ ಹೀಗೆ ಯೋಚಿಸಿದೆ ಎಂದು ಬರೆದರೆ ಅರ್ಧ ಮಾತ್ರ ನಿಜ. ಆ ನಗು ನನ್ನ ಕಿವಿಯಲ್ಲಿತ್ತು. ಅದೇ ಪೌಳಿಯಲ್ಲಿ, ಅದೇ ಜನರ ಮುಂದೆ, ಅವನ ಬಾಯಿಯಿಂದಲೇ ಅವನು ಬೀಳಬೇಕು ಎಂದು ನನಗೆ ಅನಿಸಿತ್ತು.

ನಾವು ಸುಮ್ಮನೆ ಕೂತೆವು. ಅಕ್ಕನಿಗೆ ಅದು ಸಹಿಸಲಾಗಲಿಲ್ಲ. "ಅಕ್ಕಾರ, ಹುಡುಗಿ ಅಲ್ಲಿ, ನಾವಿಲ್ಲಿ ಗೊಂಬಿ ಕುಂತಂಗ ಕುಂತೇವಿ" ಎಂದು ದಿನಾ ಕೇಂದ್ರಕ್ಕೆ ಬಂದು ಜಗಳ ತೆಗೆದಳು. ಆದರೆ ಅವನಿಗೆ ಅವಸರವಿತ್ತು. ಸವಣೂರು ಕಡೆಯ ಎಲೆ ತೋಟದವರೊಬ್ಬರ ಮಗಳನ್ನು ಅವನಿಗೆ ಮಾತಾಡಿದ್ದರು. ಮೊದಲನೆಯವಳಿಗೆ ಬುದ್ಧಿ ನೆಟ್ಟಗಿಲ್ಲ ಎಂದು ಊರ ಹಿರಿಯರ ಬಾಯಲ್ಲಿ ಕೇಳಿದ ಮೇಲೇ ಮುಂದಿನ ಮಾತು ಎಂದು ಆ ಹುಡುಗಿಯ ತಂದೆ ಹಟ ಹಿಡಿದಿದ್ದರು. ಮೆಕ್ಕೆಜೋಳದ ಸುಗ್ಗಿ ಮುಗಿಯುತ್ತಿದ್ದಂತೆ ನಮಗೆ ಕರೆ ಬಂತು. ಸಭೆ ಕರೆದವನು ಅವನೇ.

ಹೋಗುವ ಮೊದಲು ಆಕೆಗೆ ಕಪ್ಪು ಕನ್ನಡಕ ಹಾಕಿದೆವು, ಕಿವಿಗೆ ಹತ್ತಿ ಇಟ್ಟೆವು. "ಇವತ್ತ ನೀ ಏನೂ ಮಾತಾಡಬ್ಯಾಡವಾ. ಅಕ್ಕನ ಕೈ ಹಿಡಕೊಂಡು ಕುಂಡ್ರು, ಅಷ್ಟ" ಎಂದೆ. ಅಕ್ಕನಿಗೆ ಬೇರೆಯಾಗಿ ಹೇಳಿದೆ: ಏನೇ ಅಂದರೂ ಬಾಯಿ ತೆರೆಯಬಾರದು. ಅಕ್ಕ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕೂತಳು.

ಪೌಳಿಯಲ್ಲಿ ಸವಣೂರಿನವರು, ಆ ಹುಡುಗಿಯ ತಂದೆ, ಹಿರಿಯರ ಪಕ್ಕದಲ್ಲೇ ಕೂತಿದ್ದರು. ತಟ್ಟೆಯಲ್ಲಿದ್ದ ಎಲೆ ಅವರೇ ತಂದದ್ದು. ಗಂಡ ಎದ್ದು ಶುರು ಮಾಡಿದ. ಹಾಲು ಉಕ್ಕಿಸ್ತಾಳ. ರೊಟ್ಟಿ ಕರೀ ಆಗೂತನಾ ನೋಡ್ತಾ ಕುಂತಿರ್ತಾಳ. ಹೇಳಿದ್ದನ್ನೇ ಹತ್ತು ಸಲ ಕೇಳ್ತಾಳ. ಲೈಟ್ ಹಚ್ಚಿದ್ರ ಚೀರ್ತಾಳ. ನಡೀವಾಗ ಕುಡದವ್ರಂಗ ವಾಲ್ತಾಳ. ಹುಬ್ಬಳ್ಳಿಯ ವೈದ್ಯರು ಬರೆದುಕೊಟ್ಟ ಲಕ್ಷಣಗಳಲ್ಲಿ ಒಂದನ್ನೂ ಅವನು ಬಿಡಲಿಲ್ಲ.

ಆ ಊರಿನ ರೀತಿ ಗೊತ್ತಿಲ್ಲದ ಸವಣೂರಿನವರು ನಡುವೆಯೇ ಕೇಳಿದರು. "ಮೊದಲಿಂದ ಹಿಂಗ ಇದ್ಲೇನು?"

ಹೌದು ಎಂದಿದ್ದರೆ ಅವನು ಉಳಿಯುತ್ತಿದ್ದನೇನೋ. ಆದರೆ ಈ ಸಂಬಂಧ ಕುದುರಿಸಿದವರು, ಹೆಣ್ಣು ನೋಡಿ ಒಪ್ಪಿದವರು ಎದುರಿಗೆ ಕೂತಿದ್ದ ಅದೇ ಹಿರಿಯರು. ಅವರ ಮುಖಕ್ಕೆ ಹುಚ್ಚಿಯನ್ನು ತಂದಿರಿ ಎನ್ನುವುದು ಅವನಿಂದ ಆಗಲಿಲ್ಲ.

"ಛೇ, ಇಲ್ರಿ. ಬರೂವಾಗ ಭಾಳ ಚುರುಕ ಇದ್ಲು. ಮಷೀನಿನ ಲೆಕ್ಕಾ ಬಾಯಾಗ ಹೇಳ್ತಿದ್ಲು. ಮಗಳ ಜವಳಾ ಆದ ಮ್ಯಾಲೆ ಕೆಟ್ಟಾಳ ನೋಡ್ರಿ."

ಜವಳ ಎಂದರೆ ಕೂಸಿನ ಮೊದಲ ಕೂದಲು ತೆಗೆಸುವ ಕಾರ್ಯ, ಅಂದು ಊರಿಗೆ ಊರೇ ಉಂಡಿತ್ತು. ಯಾವಾಗ ಎಂಬುದು ಸಿಕ್ಕಿತು.

ಅವನು ಕೂತ ಮೇಲೆ, ಎದುರಿನವರು ಏನಾದರೂ ಕೇಳುವುದಿದೆಯೇ ಎಂದರು ಹಿರಿಯರು. ನಾನು ಗಂಡನನ್ನು ಕೇಳಲಿಲ್ಲ, ಅವನ ತಾಯಿಯ ಕಡೆ ತಿರುಗಿದೆ.

"ಜವಳದ ದಿನ ಆಕಿಗೆ ಕೈಕಾಲಿಗೇನರ ಪೆಟ್ಟ ಆಗಿತ್ತೇನ್ರಿ ಯವ್ವಾ?"

ಅತ್ತೆಗೆ ಸಿಟ್ಟು ಬಂತು. "ಏ, ನನ್ನ ಮಗ ಕಟುಕ ಅಲ್ಲವಾ. ಕೈಕಾಲು ಮುರದಿಲ್ಲ, ರಕ್ತ ತಗದಿಲ್ಲ. ಮಂದಿ ಉಣ್ಣಾಕ ಕುಂತಾಗ ಸಾರು ಚೆಲ್ಲಿ ಮಾನ ಕಳದ್ಲು, ತುರುಬು ಹಿಡದು ಗ್ವಾಡಿಗೆ ನಾಕ ಸಲ ಬಡದ, ಅಷ್ಟ. ಅಷ್ಟ ದಪ್ಪ ತುರುಬು, ಅದಕ್ಕೇನ ಆಕ್ಕೈತಿ? ಆಮ್ಯಾಲೂ ಬುದ್ಧಿ ಬರಲೆಂತ ತಲೀಗಷ್ಟ ಬಡೀತಿದ್ದ, ಮೈಮ್ಯಾಲೆ ಒಂದು ಕಲಿ ಇಲ್ಲ, ಬೇಕಾದ್ರ ನೋಡ್ರಿ. ಎಚ್ಚರ ತಪ್ಪಿದಾಗೆಲ್ಲಾ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡದಾಕಿ ನಾ. ಯಾ ಅತ್ತಿ ಮಾಡ್ತಾಳ ಹಂಗ?"

ಅಲ್ಲಿ ಕೂತಿದ್ದ ಬಹಳ ಮಂದಿ ತಲೆಯಾಡಿಸಿದರು. ರಕ್ತ ಬಂದರೆ ಹೊಡೆತ, ತುರುಬಿದ್ದ ತಲೆಗೆ ಬಿದ್ದದ್ದು ಬುದ್ಧಿಮಾತು ಎಂಬುದು ಅವರ ತಿಳಿವಳಿಕೆ. ಮಗನೂ ತಾಯಿಯನ್ನು ತಡೆಯಲಿಲ್ಲ. ತನ್ನ ಪರವಾಗಿ ಒಳ್ಳೆಯ ಸಾಕ್ಷಿ ಬಿತ್ತು ಎಂಬ ಸಮಾಧಾನ ಅವನ ಮುಖದಲ್ಲಿತ್ತು.

ಹಿರಿಯರಲ್ಲಿ ಮುಖ್ಯರಾದ ಗೌಡರು ರುಮಾಲು ಸರಿಮಾಡಿಕೊಂಡು ರೀತಿಯಂತೆ ಮಾತು ತಿರುಗಿ ಹೇಳಿದರು. ಬಂದಾಗ ಚಲೋ ಇದ್ದಳು. ಜವಳದ ದಿನ ತುರುಬು ಹಿಡಿದು ಗೋಡೆಗೆ ಬಡಿದ. ಆಮೇಲೂ ತಲೆಗೆ ಬಡಿದ. ಎಚ್ಚರ ತಪ್ಪಿದಾಗೆಲ್ಲ ಅತ್ತೆ ಉಳ್ಳಾಗಡ್ಡಿ ಹಿಡಿದಳು. ಆಗಿನಿಂದ ಕೆಟ್ಟಳು. ಹೇಳುತ್ತ ಹೇಳುತ್ತ ಅವರ ದನಿ ನಿಧಾನವಾಯಿತು. ತಮ್ಮ ಬಾಯಿಯಿಂದ ಬಂದಾಗಲೇ ಅವರಿಗದು ಕೇಳಿಸಿದಂತಿತ್ತು.

"ಇದು ನಿಮ್ಮ ಮಾತೇನು?"

"ಹೌದ್ರಿ." ಇಬ್ಬರೂ ಎಲೆ ಎತ್ತಿಕೊಂಡರು.

ಆಮೇಲೆ ನಾನು ವೈದ್ಯರ ಕಾಗದ ಓದಿದೆ. ಓದುವಾಗ ದನಿ ಏರಿಸಲಿಲ್ಲ. ವಾಸನೆಯ ನರ, ಹಣೆಯ ಹಿಂದಿನ ಕಲೆಗಳು, ಹಳೆಯ ಗಾಯದ ಮೇಲಿನ ಹೊಸ ಗಾಯ. ಅಡುಗೆ ಸೀದದ್ದಕ್ಕೆ ಹೊಡೆದದ್ದಲ್ಲ, ಹೊಡೆದದ್ದಕ್ಕೆ ಅಡುಗೆ ಸೀದದ್ದು. ಈ ಸಲ ಯಾರೂ ನಗಲಿಲ್ಲ.

ಸವಣೂರಿನವರು ಬಾಯಲ್ಲಿದ್ದ ಎಲೆಯನ್ನು ಪೌಳಿಯ ಹೊರಗೆ ಉಗುಳಿ ಬಂದು ಹೆಗಲಿನ ವಲ್ಲಿ ಕೊಡವಿದರು.

"ನನ್ನ ಮಗಳಿಗೂ ತುರುಬು ಐತ್ರಿ ಗೌಡ್ರ," ಎಂದು ಚಪ್ಪಲಿ ಮೆಟ್ಟಿ ನಡೆದರು.

ಗಂಡ, "ಮಾವಾರ, ನಿಲ್ರಿ" ಎಂದು ಎರಡು ಹೆಜ್ಜೆ ಹಿಂದೆ ಓಡಿದ. ಆಗ ಅಕ್ಕ ಸೆರಗನ್ನು ಹಲ್ಲಿನಿಂದ ಬಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದಳು. "ಉಳ್ಳಾಗಡ್ಡಿ ಹಿಡೀರಿ ಅಂವಗ, ಎಚ್ಚರ ತಪ್ಪೀತು."

ಕೋರ್ಟಿನಲ್ಲಿ ಅವನು ಎಲ್ಲವನ್ನೂ ಅಲ್ಲಗಳೆದ. ನಾವು ಕಾದಿದ್ದು ಗೌಡರಿಗಾಗಿ. ಅವರ ಮೇಲೆ ಬೀಗರಿಂದ, ಪುಢಾರಿಗಳಿಂದ ಒತ್ತಡ ಬಂದಿತ್ತು. ಬರಲಾರರು ಎಂದೇ ವಕೀಲೆ ಎಣಿಸಿದ್ದರು. ಅವರು ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. "ನಾ ತಿರುಗಿ ಹೇಳೇನಿ, ಅಂವ ಎಲಿ ಎತ್ಯಾನ. ಇವತ್ತ ಇಲ್ಲಂದ್ರ ನಾಳೆ ನನ್ನ ಮುಂದ ಯಾರ ಕೂಡ್ತಾರ?" ಎಂದರು. ಮಾತು ಮುಗಿಸಿ ಕೆಳಗಿಳಿದವರು ಆಕೆಯ ಮುಖ ನೋಡಲಿಲ್ಲ. ಆ ಮದುವೆ ಕುದುರಿಸಿದವರು ಅವರೇ ಎಂಬುದನ್ನು ನಾನೂ ಮರೆಯಲಿಲ್ಲ, ಕ್ಷಮಿಸಲೂ ಇಲ್ಲ.

ಮಗಳನ್ನು ತಾಯಿಯ ಬಳಿ ಬಿಡಬೇಕು, ಅವನು ಆ ಮನೆಯ ಹತ್ತಿರ ಸುಳಿಯಬಾರದು ಎಂದು ಆದೇಶವಾಯಿತು. ಹಲ್ಲೆಯ ಮೊಕದ್ದಮೆ ಇನ್ನೂ ನಡೆದಿದೆ. ಜಾಮೀನಿನ ಮೇಲಿರುವ ಅವನು ಯಂತ್ರ ತೆಗೆದುಕೊಂಡು ಊರೂರು ತಿರುಗುವುದು ತಪ್ಪಿಲ್ಲ. ಕಣದಲ್ಲಿ ಹೆಂಗಸರು ಈಗ ಅವನನ್ನು ಕರೆಯುವುದು ಉಳ್ಳಾಗಡ್ಡಿ ಎಂದು. ಶಿಗ್ಗಾಂವಿ ಕಡೆ ಒಂದು ಹೆಣ್ಣು ನೋಡಲು ಹೋದಾಗ ಚಹಾದ ತಟ್ಟೆಯಲ್ಲಿ ಒಂದು ಉಳ್ಳಾಗಡ್ಡಿ ಇಟ್ಟು ತಂದರಂತೆ. ಈ ಸುದ್ದಿಯನ್ನು ಹಬ್ಬಿಸಿದವಳು ನಾನಲ್ಲ. ತಡೆಯಲೂ ಹೋಗಲಿಲ್ಲ.

ಆಕೆಗೆ ವಾಸನೆ ತಿರುಗಿ ಬಂದಿಲ್ಲ. ಅಕ್ಕ ಮನೆಯಲ್ಲಿದ್ದಾಗ ಮಾತ್ರ ಒಲೆ ಹಚ್ಚುವುದು ಎಂಬ ಕಟ್ಟು ಇದೆ. ಮಗಳನ್ನು ಶಾಲೆಯಿಂದ ಕರೆತರುವುದು ಆಕೆಯೇ. ದಾರಿ ತಪ್ಪದಿರಲೆಂದು ತಿರುವಿನ ಕಂಬಗಳಿಗೆ ಅಕ್ಕ ಕೆಂಪು ಬಟ್ಟೆಯ ಚೂರು ಕಟ್ಟಿದ್ದಾಳೆ. ಆದೇಶ ಬಂದ ವಾರ ಆಕೆ ಫೋನಿನಲ್ಲಿದ್ದ ಹಳೆಯ ಮಾತನ್ನು ಅಳಿಸಿ ಹೊಸದನ್ನು ಹೇಳಬೇಕೆಂದಳು. ಈ ಸಲವೂ ನಾನು ಹೇಳಿಕೊಡಲಿಲ್ಲ.

"ಇದು ನಾನ. ಮಗಳು ಬಾಜೂಕ ಮಲಗ್ಯಾಳ, ತಿರುಗಿ ನೋಡು. ಅಂವ ಸೋತಾನ. ಎಲ್ಲಾರ ಮುಂದ ಸೋತಾನ."

ಪತ್ರಿಕೆಯಲ್ಲಿದ್ದಾಗ ನಾನು ಬರೆದ ಸುದ್ದಿಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಹಳಸುತ್ತಿದ್ದವು. ಇದೊಂದು ಹಳಸಿಲ್ಲ. ಮೊನ್ನೆ ಅಕ್ಕ ಜಂಪರ್ ಕೊಡಲು ಬಂದವಳು ಹೇಳಿದಳು. "ದಿನಾ ಬೆಳಿಗ್ಗೆ ಅದನ್ನ ಕೇಳ್ತಾಳ, ತಿರುಗಿ ಮಗಳ್ನ ನೋಡ್ತಾಳ, ಆಮ್ಯಾಲೆ 'ಹೌದ? ಖರೇನ ಸೋತ್ನಾ?' ಅಂತ ಕೇಳ್ತಾಳ್ರಿ. ನಾ ಮೊದಲಿಂದ ಹೇಳ್ತೇನಿ. ಸವಣೂರಿನವ್ರು ಎದ್ದು ಹೋದದ್ದು ಬಂತಂದ್ರ ಸಾಕು, ಹಾಸಿಗ್ಯಾಗ ಬಿದ್ದು ಬಿದ್ದು ನಗ್ತಾಳ. ದಿನಾ ಹೊಸಾದ ಆಕಿಗೆ."

"ನಿನಗ ಬ್ಯಾಸರ ಆಗೂದಿಲ್ಲೇನು?" ಎಂದೆ.

"ಯಾಕ ಆಗ್ತೈತ್ರಿ ಅಕ್ಕಾರ?" ಎಂದಳು. "ನಾನೂ ದಿನಾ ಹೇಳ್ಬಹುದಲ್ಲ."